ಸ್ಟ್ಯಾನ್ಲಿ ಅವಳಿಗಳ ಉಗಿ ಕಾರು

1900ನೇ ಇಸವಿಯಲ್ಲಿ ಅಮೆರಿಕದ ಕಾರ್ಖಾನೆಗಳೆಲ್ಲ ಸೇರಿ ತಯಾರಿಸಿದ ಮೋಟಾರು ವಾಹನಗಳು ಸುಮಾರು 4,200. ಅವುಗಳಲ್ಲಿ 1,681 ಉಗಿಯಿಂದ ಓಡುವಂಥವು, 1,575 ಬ್ಯಾಟರಿಯಿಂದ ಓಡುವಂಥವು. ಪೆಟ್ರೋಲ್ ಎಂಜಿನ್ನಿನವು 936 ಮಾತ್ರ. ಮುಂದೆ ಜಗತ್ತಿನ ರಸ್ತೆಗಳನ್ನೆಲ್ಲ ಆಳಲಿರುವುದು ಈ ಕೊನೆಯ ಸಾಲಿನ ವಾಹನವೇ ಎಂದು ಆಗ ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರೋ ಏನೋ. ಪೆಟ್ರೋಲ್ ಗಾಡಿ ಗದ್ದಲ ಮಾಡುತ್ತಿತ್ತು, ನಡುಗುತ್ತಿತ್ತು, ನಾರುತ್ತಿತ್ತು. ಎದುರಿಗೆ ನಿಂತು ಮೈಬಲವೆಲ್ಲ ಹಾಕಿ ಹ್ಯಾಂಡಲ್ ತಿರುಗಿಸದೆ ಏಳುತ್ತಿರಲಿಲ್ಲ, ತಿರುಗಿಸಿದವನ ಮುಂಗೈ ಮುರಿದ ಪ್ರಸಂಗಗಳೂ ಅಪರೂಪವಾಗಿರಲಿಲ್ಲ. ಉಗಿಯಾದರೋ ಜನರಿಗೆ ರೈಲು, ಹಡಗು, ಗಿರಣಿಗಳ ಮೂಲಕ ತಲೆಮಾರುಗಳಿಂದ ಪರಿಚಿತವಾದ ಶಕ್ತಿ. ಆ ವರ್ಷದ ಉಗಿ ಕಾರುಗಳಲ್ಲಿ ದೊಡ್ಡ ಪಾಲು ಇಬ್ಬರು ಅವಳಿ ಸಹೋದರರು ರೂಪಿಸಿದ ಒಂದೇ ವಿನ್ಯಾಸದಿಂದ ಹುಟ್ಟಿದ್ದವು. ಕಾಲು ಶತಮಾನ ಕಳೆಯುವುದರೊಳಗೆ ಅವರ ಕಾರ್ಖಾನೆ ಬಾಗಿಲು ಹಾಕಿತ್ತು.

ಸ್ಟ್ಯಾನ್ಲಿ ಮೋಟಾರ್ ಕ್ಯಾರೇಜ್ ಕಂಪನಿಯ ಅಂತ್ಯಕ್ಕೆ ಹೇಳಲಾಗುವ ಕಾರಣಗಳಲ್ಲಿ ಎರಡು ಬಹಳ ಜನಪ್ರಿಯ. ಎಣ್ಣೆ ಕಂಪನಿಗಳು ಸಂಚು ಮಾಡಿ ಉಗಿ ಕಾರನ್ನು ಮುಗಿಸಿದವು ಎಂಬುದು ಒಂದು. ಜಾನುವಾರುಗಳಿಗೆ ಬಂದ ಕಾಲುಬಾಯಿ ಜ್ವರ ಅದನ್ನು ಕೊಂದಿತು ಎಂಬುದು ಇನ್ನೊಂದು. ಮೊದಲನೆಯದು ಶುದ್ಧ ಕಟ್ಟುಕಥೆ, ಎರಡನೆಯದರಲ್ಲಿ ಅರ್ಧ ಸತ್ಯವಿದೆ. ನನಗೆ ಎರಡಕ್ಕಿಂತಲೂ ಮುಖ್ಯವಾಗಿ ಕಾಣುವುದು ಆ ಅಣ್ಣತಮ್ಮಂದಿರ ಸ್ವಭಾವ. ಒಂದು ವಸ್ತುವನ್ನು ತಮಗೆ ಒಪ್ಪುವ ಹಾಗೆ ಮಾಡಿ ಮುಗಿಸುವುದರಲ್ಲಿ ಅವರಿಗಿದ್ದ ಸುಖ, ಆ ವಸ್ತುವನ್ನು ಅದರ ಬಗ್ಗೆ ಏನೂ ತಿಳಿಯದವನ ಕೈಗೆ ತಲುಪಿಸುವುದರಲ್ಲಿ ಇರಲಿಲ್ಲ.

ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ ಮತ್ತು ಫ್ರೀಲನ್ ಆಸ್ಕರ್ ಸ್ಟ್ಯಾನ್ಲಿ 1849ರ ಜೂನ್ 1ರಂದು ಮೇನ್ ರಾಜ್ಯದ ಕಿಂಗ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಊರವರಿಗೂ ಕಂಪನಿಯವರಿಗೂ ಅವರು ಎಫ್.ಇ. ಮತ್ತು ಎಫ್.ಓ. ಇಬ್ಬರದೂ ಒಂದೇ ಅಚ್ಚು, ಒಂದೇ ಬಗೆಯ ಗಡ್ಡ, ಒಂದೇ ಬಗೆಯ ಟೋಪಿ. ಹಳೆಯ ಛಾಯಾಚಿತ್ರಗಳಲ್ಲಿ ಯಾರು ಯಾರೆಂದು ತಿಳಿಯಬೇಕಾದರೆ ಅಡಿಬರಹವೇ ಗತಿ. ಬೇಗ ಓಡಿಸಿದ್ದಕ್ಕೆ ಒಬ್ಬನನ್ನು ಹಿಡಿದ ಪೊಲೀಸನಿಗೆ ಸ್ವಲ್ಪ ಹೊತ್ತಿನಲ್ಲೇ ಅದೇ ಮುಖ, ಅದೇ ಗಡ್ಡ, ಅದೇ ಕಾರು ಮತ್ತೆ ಅದೇ ವೇಗದಲ್ಲಿ ಬರುವುದು ಕಂಡು ತಲೆ ತಿರುಗಿತಂತೆ ಎಂಬ ಕಥೆ ಪ್ರಚಾರದಲ್ಲಿದೆ. ನಡೆದದ್ದೋ ಕಟ್ಟಿದ್ದೋ, ಅವರಿಗೆ ಒಪ್ಪುವ ಕಥೆ.

ಅವರ ಮೊದಲ ಸಂಪತ್ತು ಬಂದದ್ದು ಕಾರಿನಿಂದಲ್ಲ, ಛಾಯಾಗ್ರಹಣದಿಂದ. ಎಫ್.ಇ. ಭಾವಚಿತ್ರಗಳನ್ನು ಬರೆಯುತ್ತಿದ್ದವನು, ಬಣ್ಣವನ್ನು ತುಂತುರಾಗಿ ಸಿಂಪಡಿಸುವ ಒಂದು ಉಪಕರಣಕ್ಕೆ 1876ರಲ್ಲೇ ಪೇಟೆಂಟ್ ಪಡೆದಿದ್ದ. ಅಲ್ಲಿಂದ ಲೂಯಿಸ್ಟನ್ ಪಟ್ಟಣದಲ್ಲಿ ಫೋಟೋ ಸ್ಟುಡಿಯೋ ತೆರೆದ. ಆ ಕಾಲದಲ್ಲಿ ಛಾಯಾಗ್ರಾಹಕರು ಗಾಜಿನ ಫಲಕಕ್ಕೆ ತಾವೇ ರಾಸಾಯನಿಕ ಹಚ್ಚಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಮೊದಲೇ ಹಚ್ಚಿ ಒಣಗಿಸಿಟ್ಟ ಒಣ ಫಲಕಗಳು ಬಂದ ಮೇಲೆ ಆ ಪೇಚಾಟ ತಪ್ಪಿತಾದರೂ, ಫಲಕದ ಮೇಲೆಲ್ಲ ಒಂದೇ ದಪ್ಪಕ್ಕೆ ಲೇಪ ಕೂರಿಸುವುದು ಕಷ್ಟದ ಕೆಲಸವಾಗಿತ್ತು. ಅದಕ್ಕಾಗಿ ಸಹೋದರರು ಒಂದು ಯಂತ್ರ ಮಾಡಿ 1886ರಲ್ಲಿ ಪೇಟೆಂಟ್ ಪಡೆದರು. ವ್ಯಾಪಾರ ಬೆಳೆದು ಮ್ಯಾಸಚೂಸೆಟ್ಸಿನ ನ್ಯೂಟನ್ ಊರಿಗೆ ಬಂದಿತು. ಕೊನೆಗೆ 1904ರಲ್ಲಿ ಜಾರ್ಜ್ ಈಸ್ಟ್‌ಮನ್ನನ ಕೊಡ್ಯಾಕ್ ಕಂಪನಿ ಅದನ್ನು ಕೊಂಡುಕೊಂಡಿತು. ಅವರ ತಂಗಿ ಶಾನ್ಸೊನೆಟಾ ಕೂಡ ಛಾಯಾಗ್ರಾಹಕಿಯೇ. ನ್ಯೂ ಇಂಗ್ಲೆಂಡಿನ ಹಳ್ಳಿಯ ಅಡುಗೆಮನೆಗಳನ್ನೂ ಮುದುಕರನ್ನೂ ಆಕೆ ತೆಗೆದ ಚಿತ್ರಗಳು, ನನ್ನ ಅಭಿಪ್ರಾಯದಲ್ಲಿ, ಅಣ್ಣಂದಿರ ಕಾರಿನಷ್ಟೇ ಗಟ್ಟಿಯಾದ ಕೆಲಸ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಕಾರಿನ ಹುಚ್ಚು ಹತ್ತುವ ಹೊತ್ತಿಗೆ ಈ ಇಬ್ಬರೂ ನಲವತ್ತೇಳು ದಾಟಿದ, ಕೈತುಂಬ ಹಣವಿದ್ದ, ಯಾರಿಗೂ ಉತ್ತರ ಹೇಳಬೇಕಿಲ್ಲದ ಮನುಷ್ಯರಾಗಿದ್ದರು.

1896ರಲ್ಲಿ ಬ್ರಾಕ್‌ಟನ್ ಊರಿನ ಜಾತ್ರೆಯಲ್ಲಿ ಎಫ್.ಇ. ಒಂದು ಕುದುರೆಯಿಲ್ಲದ ಗಾಡಿಯ ಪ್ರದರ್ಶನ ನೋಡಿದನೆಂದೂ, ಅದು ತಡವರಿಸುತ್ತ ಓಡಿದ್ದನ್ನು ಕಂಡು ಇದಕ್ಕಿಂತ ಚೆನ್ನಾದುದನ್ನು ತಾನೇ ಮಾಡಬಲ್ಲೆ ಎಂದುಕೊಂಡನೆಂದೂ ಹೇಳುತ್ತಾರೆ. ಮರುವರ್ಷವೇ ಅವರ ಮೊದಲ ಗಾಡಿ ಸಿದ್ಧವಾಯಿತು. ಹೊರಗೆ ಮಾಡಿಸಿದ ಎಂಜಿನ್ ಮತ್ತು ಬಾಯ್ಲರ್ ಎರಡೂ ಹಗುರ ಗಾಡಿಗೆ ಹೊರೆಯಾಗುವಷ್ಟು ಭಾರವಾಗಿದ್ದವು. ಆಗ ಅವರು ಹುಡುಕಿದ ಉಪಾಯ ನನಗೆ ಇಡೀ ಕಥೆಯಲ್ಲೇ ಅತ್ಯಂತ ಪ್ರಿಯವಾದದ್ದು. ದಪ್ಪ ಕಬ್ಬಿಣದ ಗೋಡೆಯ ಬದಲು ತೆಳುವಾದ ಲೋಹದ ಉರುಟು ಡಬ್ಬಿಯೊಂದನ್ನು ಮಾಡಿ, ಅದರ ಸುತ್ತ ಪಿಯಾನೋ ತಂತಿಯನ್ನು ಪದರದ ಮೇಲೆ ಪದರವಾಗಿ ಬಿಗಿಯಾಗಿ ಸುತ್ತಿದರು. ಒಳಗಿನ ಒತ್ತಡವನ್ನು ತಡೆಯುವುದು ಆ ತಂತಿಯ ಹೊಣೆ. ಡಬ್ಬಿಯೊಳಗೆ ಮೇಲಿನಿಂದ ಕೆಳಗಿನವರೆಗೆ ನೂರಾರು ಸಣ್ಣ ಕೊಳವೆಗಳು. ಕೆಳಗಿನ ಒಲೆಯ ಬಿಸಿ ಅವುಗಳ ಮೂಲಕ ಹಾದು ಸುತ್ತಲಿನ ನೀರನ್ನು ಕುದಿಸುತ್ತಿತ್ತು. ಹೀಗೆ ಮಾಡಿದ ಬಾಯ್ಲರ್ ಚದರ ಇಂಚಿಗೆ 600 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತಿದ್ದರೂ, ಅದು ಬಳಕೆಯಲ್ಲಿದ್ದಾಗ ಸಿಡಿಯಿತು ಎಂಬ ದಾಖಲೆ ಒಂದೂ ಇಲ್ಲ. ನೀರು ತೀರಾ ತಗ್ಗಿದರೆ ಮೊದಲು ಸೋಲುತ್ತಿದ್ದವು ಆ ಸಣ್ಣ ಕೊಳವೆಗಳ ಬೆಸುಗೆಯ ಜಾಗಗಳು. ಅಲ್ಲಿಂದ ಉಗಿ ಸೋರಿ, ಒತ್ತಡ ಇಳಿದು, ಕಾರು ಮುನಿಸಿಕೊಂಡು ನಿಲ್ಲುತ್ತಿತ್ತು, ಅಷ್ಟೆ. ಆದರೂ ಬಾಯ್ಲರಿನ ಮೇಲೆ ಕುಳಿತು ಓಡಾಡುವುದೆಂದರೆ ಸಾವಿನ ಮೇಲೆ ಕುಳಿತಂತೆ ಎಂಬ ಭಯವನ್ನು ಜನರ ಮನಸ್ಸಿನಿಂದ ಕಂಪನಿ ಕೊನೆಯವರೆಗೂ ಪೂರ್ತಿಯಾಗಿ ತೆಗೆಯಲಾರದೆ ಹೋಯಿತು.

1898ರ ನವೆಂಬರಿನಲ್ಲಿ ಕೇಂಬ್ರಿಜ್ ಊರಿನ ಸೈಕಲ್ ಓಟದ ಅಂಗಳದಲ್ಲಿ ಮೋಟಾರು ಗಾಡಿಗಳ ಪ್ರದರ್ಶನವೊಂದು ನಡೆದಾಗ ಸ್ಟ್ಯಾನ್ಲಿ ಗಾಡಿ ಓಟದಲ್ಲೂ ಕಡಿದಾದ ಇಳಿಜಾರು ಹಲಗೆಯನ್ನು ಏರುವ ಪಂದ್ಯದಲ್ಲೂ ಉಳಿದವರನ್ನೆಲ್ಲ ಹಿಂದೆ ಹಾಕಿತು. ಮರುದಿನಗಳಲ್ಲಿ ಕೊಳ್ಳುವವರು ಮುಗಿಬಿದ್ದರು. ಅಲ್ಲಿಯವರೆಗೆ ಹವ್ಯಾಸವಾಗಿದ್ದದ್ದು ಹೀಗೆ ವ್ಯಾಪಾರವಾಯಿತು. ಆದರೆ ಗಾಡಿಗಳನ್ನು ಸರಿಯಾಗಿ ಮಾರಲು ಆರಂಭಿಸುವ ಮೊದಲೇ, 1899ರಲ್ಲಿ, ಪತ್ರಿಕೆಯ ಒಡೆಯ ಜಾನ್ ಬ್ರಿಸ್ಬೆನ್ ವಾಕರ್ ಮತ್ತು ಡಾಂಬರು ವ್ಯಾಪಾರದ ಶ್ರೀಮಂತ ಆಮ್‌ಜಿ ಬಾರ್ಬರ್ ಇಬ್ಬರೂ ಸೇರಿ ಆ ವಿನ್ಯಾಸ, ಪೇಟೆಂಟು, ವ್ಯಾಪಾರ ಎಲ್ಲವನ್ನೂ 2,50,000 ಡಾಲರಿಗೆ ಕೊಂಡುಕೊಂಡರು. ಕೊಂಡ ಕೆಲವೇ ತಿಂಗಳಲ್ಲಿ ಅವರಿಬ್ಬರೂ ಜಗಳವಾಡಿಕೊಂಡು ಬೇರೆಯಾದರು. ಬಾರ್ಬರನ ಪಾಲು ಲೋಕೋಮೊಬೈಲ್ ಎಂಬ ಹೆಸರಿನಲ್ಲಿ ಮುಂದುವರಿದು ಸಾವಿರಾರು ಪುಟ್ಟ ಉಗಿ ಗಾಡಿಗಳನ್ನು ಮಾರಿತು. ಅದರ ಪ್ರಚಾರಕ್ಕೆಂದೇ 1899ರ ಆಗಸ್ಟ್ 31ರಂದು ಎಫ್.ಓ. ತನ್ನ ಹೆಂಡತಿ ಫ್ಲೋರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು 6,288 ಅಡಿ ಎತ್ತರದ ಮೌಂಟ್ ವಾಷಿಂಗ್ಟನ್ ಶಿಖರವನ್ನು ಕುದುರೆಗಾಡಿಯ ರಸ್ತೆಯಲ್ಲೇ ಹತ್ತಿದ. ಏಳೂವರೆ ಮೈಲಿಗೆ ತುಸು ಹೆಚ್ಚಿನ ಆ ಏರುದಾರಿಗೆ ಹಿಡಿದದ್ದು ಎರಡು ಗಂಟೆ ಹತ್ತು ನಿಮಿಷ. ಅದಕ್ಕೆ ಮೊದಲು ಯಾವ ಮೋಟಾರು ಗಾಡಿಯೂ ಅಲ್ಲಿಗೆ ಹೋಗಿರಲಿಲ್ಲ.

ಲೋಕೋಮೊಬೈಲಿನವರು ಹೆಚ್ಚು ಕಾಲ ಉಗಿಯನ್ನು ನಂಬಲಿಲ್ಲ. ಪೆಟ್ರೋಲಿನತ್ತ ಹೊರಳುವಾಗ ಉಗಿಯ ಹಕ್ಕುಗಳನ್ನು ಸಹೋದರರಿಗೇ ಸುಮಾರು 20,000 ಡಾಲರಿಗೆ ಹಿಂದಿರುಗಿಸಿದರು. ಎರಡೂವರೆ ಲಕ್ಷಕ್ಕೆ ಮಾರಿದ್ದನ್ನು ಇಪ್ಪತ್ತು ಸಾವಿರಕ್ಕೆ ಮರಳಿ ಪಡೆಯುವ ಭಾಗ್ಯ ಎಷ್ಟು ವ್ಯಾಪಾರಿಗಳಿಗೆ ಒದಗುತ್ತದೆ! ಆ ವೇಳೆಗೆ ಅವರು ಹಳೆಯ ಸರಪಳಿಯನ್ನು ಬಿಟ್ಟು, ಎಂಜಿನ್ನಿನ ಹಲ್ಲುಚಕ್ರವನ್ನು ಹಿಂದಿನ ಅಚ್ಚಿಗೇ ನೇರವಾಗಿ ಕೂಡಿಸುವ ಹೊಸ ವಿನ್ಯಾಸವನ್ನು ಸಿದ್ಧಪಡಿಸಿಕೊಂಡಿದ್ದರು. 1902ರಲ್ಲಿ ಸ್ಟ್ಯಾನ್ಲಿ ಮೋಟಾರ್ ಕ್ಯಾರೇಜ್ ಕಂಪನಿ ತಮ್ಮದೇ ಹೆಸರಿನಲ್ಲಿ ಆರಂಭವಾಯಿತು.

ಈ ಕಾರಿನ ಸೊಗಸು ಅರ್ಥವಾಗಬೇಕಾದರೆ ಅದರಲ್ಲಿ ಏನೇನು ಇರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಅದರಲ್ಲಿ ಕ್ಲಚ್ ಇರಲಿಲ್ಲ, ಗೇರ್ ಪೆಟ್ಟಿಗೆ ಇರಲಿಲ್ಲ, ಕಿಡಿ ಹೊತ್ತಿಸುವ ವ್ಯವಸ್ಥೆ ಇರಲಿಲ್ಲ. ಹಿಂದಿನ ಅಚ್ಚಿನ ಬಳಿ ಮಲಗಿಸಿದ ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಉಗಿ ಪಿಸ್ಟನ್ನನ್ನು ಎರಡೂ ಕಡೆಯಿಂದ ತಳ್ಳುತ್ತಿದ್ದುದರಿಂದ ಯಾವ ಸ್ಥಿತಿಯಲ್ಲಿ ನಿಂತಿದ್ದರೂ ಅದು ತಾನಾಗಿ ಹೊರಡಬಲ್ಲದಾಗಿತ್ತು. ಪೆಟ್ರೋಲ್ ಎಂಜಿನ್ ಮೊದಲು ತಿರುಗತೊಡಗಿ ಆಮೇಲೆ ಬಲ ಕೊಡುತ್ತದೆ. ಉಗಿ ಎಂಜಿನ್ ನಿಂತಲ್ಲೇ ತನ್ನ ಪೂರ್ಣ ಬಲವನ್ನು ಕೊಡುತ್ತದೆ. ಇಂದು ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ವಿದ್ಯುತ್ ಸ್ಕೂಟರುಗಳು ಪಕ್ಕದವರನ್ನು ಬೆಚ್ಚಿಬೀಳಿಸುತ್ತ ಮುಂದಕ್ಕೆ ಚಿಮ್ಮುವುದು ಇದೇ ಗುಣದಿಂದ. ಸ್ಟಿಯರಿಂಗ್ ಚಕ್ರದ ಕೆಳಗಿನ ಹಿಡಿಕೆಯನ್ನು ತುಸು ಸರಿಸಿದರೆ ಕಾರು ಸದ್ದಿಲ್ಲದೆ ಚಲಿಸುತ್ತಿತ್ತು; ಕಾಲ ಬಳಿಯ ಪೆಡಲನ್ನು ಪೂರ್ತಿ ಒತ್ತಿದರೆ ಎಂಜಿನ್ನೇ ಹಿಮ್ಮುಖವಾಗಿ ತಿರುಗುತ್ತಿತ್ತು. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗಲೂ ಎಂಜಿನ್ನಿನ ಸುತ್ತುಗಳು ನಿಮಿಷಕ್ಕೆ ಸಾವಿರದ ಆಸುಪಾಸು. ಹೀಗಾಗಿ ಅದು ಸವೆಯುತ್ತಿದ್ದದ್ದೂ ಕಡಿಮೆ.

ಇನ್ನು ಆ ಕಾರಿನ ಬೆಳಗಿನ ಕಥೆ. ಮುಂದಿನ ಮುಚ್ಚಳದ ಕೆಳಗೆ, ಇಂದಿನ ಕಾರುಗಳಲ್ಲಿ ಎಂಜಿನ್ ಇರುವ ಜಾಗದಲ್ಲಿ, ಬಾಯ್ಲರ್ ಮತ್ತು ಅದರಡಿ ಒಲೆ. ನಮ್ಮ ಮನೆಗಳಲ್ಲಿ ಗ್ಯಾಸ್ ಬರುವ ಮುಂಚೆ ಇದ್ದ ಸೀಮೆಎಣ್ಣೆಯ ಪಂಪ್ ಸ್ಟೌವನ್ನು ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ತತ್ವ ಅದೇ: ಎಣ್ಣೆಯನ್ನು ಒತ್ತಡದಲ್ಲಿಟ್ಟು, ಕಾದ ಕೊಳವೆಯ ಮೂಲಕ ಹಾಯಿಸಿ ಆವಿಯಾಗಿಸಿ, ಸೂಜಿಯ ಕಣ್ಣಿನಷ್ಟು ತೂತಿನಿಂದ ಹೊರಬಿಟ್ಟು ನೀಲಿಯಾಗಿ ಉರಿಸುವುದು. ಆ ಕೊಳವೆಯನ್ನು ಮೊದಲು ಕಾಯಿಸುವವರು ಯಾರು? ಸ್ಟೌವಿನಲ್ಲಿ ಸ್ಪಿರಿಟ್ಟು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೈಯಲ್ಲಿ ಹಿಡಿದ ದೀವಟಿಗೆಯೊಂದು ಮಾಡಬೇಕಿತ್ತು. ಮೊದಲು ಎಣ್ಣೆಯ ಟ್ಯಾಂಕಿಗೆ ಗಾಳಿ ಹೊಡೆಯಬೇಕು. ಸಣ್ಣ ದೀಪದ ಕೊಳವೆಯನ್ನು ಕಾಯಿಸಿ ಅದನ್ನು ಹೊತ್ತಿಸಬೇಕು. ಅದು ದೊಡ್ಡ ಒಲೆಯ ಕೊಳವೆಯನ್ನು ಕಾಯಿಸುವವರೆಗೆ ಕಾಯಬೇಕು. ಆತುರಪಟ್ಟು ಬೇಗ ತಿರುಪು ತೆರೆದರೆ ಎಣ್ಣೆ ಆವಿಯಾಗದೆ ಹಾಗೆಯೇ ಸುರಿದು ಹಳದಿ ಬೆಂಕಿ ಮೇಲೇಳುತ್ತಿತ್ತು, ಮಸಿ ಕಟ್ಟಿದ ತೂತಿಗೆ ತಂತಿ ಹಾಕಿ ಕೆರೆಯಬೇಕಾಗುತ್ತಿತ್ತು. ನೀರಿನ ಮಟ್ಟ ನೋಡಬೇಕು, ಎಣ್ಣೆ ಹನಿಸುವ ಬಟ್ಟಲು ನೋಡಬೇಕು, ಒತ್ತಡದ ಮುಳ್ಳು ಏರುವುದನ್ನು ನೋಡುತ್ತ ನಿಲ್ಲಬೇಕು.

ಅಲ್ಲಿಗೂ ಮುಗಿಯಲಿಲ್ಲ. ತಣ್ಣಗಿನ ಸಿಲಿಂಡರಿಗೆ ಹೋದ ಮೊದಲ ಉಗಿ ಅಲ್ಲೇ ನೀರಾಗಿಬಿಡುತ್ತದೆ, ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು. ಆದ್ದರಿಂದ ಸಿಲಿಂಡರಿನ ಕೆಳಗಿನ ಸಣ್ಣ ನಲ್ಲಿಗಳನ್ನು ತೆರೆದಿಟ್ಟು, ಕಾರನ್ನು ಒಂದಿಷ್ಟು ಮುಂದಕ್ಕೆ ಒಂದಿಷ್ಟು ಹಿಂದಕ್ಕೆ ಮೆಲ್ಲಗೆ ಆಡಿಸಿ, ನೀರೆಲ್ಲ ಬುಸುಗುಟ್ಟಿ ಹೊರಗೆ ಹೋದ ಮೇಲೆ ನಲ್ಲಿ ಮುಚ್ಚಿ ಹೊರಡಬೇಕಿತ್ತು. ಪಳಗಿದ ಕೈಗೆ ಇದೆಲ್ಲ ಇಪ್ಪತ್ತು ನಿಮಿಷ, ಅರ್ಧ ಗಂಟೆಯ ಕೆಲಸ. ಸಣ್ಣ ದೀಪವನ್ನು ರಾತ್ರಿಯಿಡೀ ಉರಿಯಲು ಬಿಟ್ಟರೆ ಬೆಳಗ್ಗೆ ಸಮಯ ಉಳಿಯುತ್ತಿತ್ತು, ನಿಜ. ಆದರೆ ಉರಿಯುವ ದೀಪವಿರುವ ಗಾಡಿಯನ್ನು ಮನೆಯ ಕೊಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುವವರು ಎಷ್ಟು ಜನ? ರೈಲಿನ ಉಗಿ ಎಂಜಿನ್ನನ್ನು ಸಿದ್ಧಪಡಿಸಲು ಗಂಟೆಗಟ್ಟಲೆ ಬೇಕಾಗುತ್ತಿತ್ತು ಎಂಬುದನ್ನು ನೆನೆದರೆ ಅರ್ಧ ಗಂಟೆ ದೊಡ್ಡ ಸಾಧನೆಯೇ. ರೈಲಿನವರಿಗೆ ಅದಕ್ಕೆಂದೇ ಸಂಬಳದ ಜನರಿದ್ದರು ಎಂಬುದು ಬೇರೆ ಮಾತು. ರಾತ್ರಿ ಕರೆ ಬಂದರೆ ಓಡಬೇಕಾದ ಊರ ವೈದ್ಯನಿಗೆ ಈ ಕಾರು ಹೊಂದುತ್ತಿರಲಿಲ್ಲ. ಉಗಿಯ ಅಭಿಮಾನಿಗಳು ಬರೆಯುವಾಗ ಈ ಅರ್ಧ ಗಂಟೆಯನ್ನು ಒಂದು ವಾಕ್ಯದಲ್ಲಿ ಹಾರಿಸಿಬಿಡುತ್ತಾರೆ. ನನಗೆ ಅದೇ ಕಥೆಯ ತಿರುಳು ಎನ್ನಿಸುತ್ತದೆ.

ವೇಗದ ವಿಷಯದಲ್ಲಿ ಮಾತ್ರ ಯಾರೂ ಅವರ ಬಳಿ ಸುಳಿಯುವಂತಿರಲಿಲ್ಲ. 1906ರ ಜನವರಿ 26ರಂದು ಫ್ಲಾರಿಡಾದ ಆರ್ಮಂಡ್ ಕಡಲತೀರದ ಗಟ್ಟಿ ಮರಳಿನ ಮೇಲೆ ಸ್ಟ್ಯಾನ್ಲಿಯವರ 'ರಾಕೆಟ್' ಒಂದು ಮೈಲಿಯನ್ನು 28.2 ಸೆಕೆಂಡಿನಲ್ಲಿ ಓಡಿತು, ಅಂದರೆ ಗಂಟೆಗೆ 127.66 ಮೈಲಿ ಅಥವಾ ಸುಮಾರು 205 ಕಿಲೋಮೀಟರ್. ಗಂಟೆಗೆ 200 ಕಿಲೋಮೀಟರ್ ದಾಟಿದ ಮೊದಲ ಕಾರು ಅದು. ಓಡಿಸಿದವನು ವೃತ್ತಿನಿರತ ಪಂದ್ಯಗಾರನಲ್ಲ, ಕಾರ್ಖಾನೆಯ ರಿಪೇರಿ ವಿಭಾಗದ ಮುಖ್ಯಸ್ಥ ಫ್ರೆಡ್ ಮ್ಯಾರಿಯಟ್. ಕಾರಿನ ಮೈ ಮಾಡಿದವನು ದೋಣಿ ಕಟ್ಟುವವನು. ಕಿರಿದಾದ ದೋಣಿಯೊಂದನ್ನು ಬೋರಲು ಹಾಕಿ ಚಕ್ರ ಜೋಡಿಸಿದಂತೆ ಅದರ ಆಕಾರ. ಗಾಳಿಯ ಅಡ್ಡಿಯನ್ನು ತಗ್ಗಿಸಬೇಕೆಂಬ ಅರಿವು ಬಹುಪಾಲು ಕಾರು ತಯಾರಕರಿಗೆ ಇನ್ನೂ ಮೂಡದಿದ್ದ ಕಾಲವದು. ಮರುವರ್ಷ ಅದೇ ತೀರದಲ್ಲಿ ಇನ್ನೂ ಹೆಚ್ಚಿನ ವೇಗಕ್ಕೆ ಪ್ರಯತ್ನಿಸುವಾಗ ಮರಳಿನ ಏರಿಳಿತಕ್ಕೆ ಸಿಕ್ಕಿದ ಕಾರು ನೆಲಬಿಟ್ಟು ಮೇಲೆದ್ದು ಬಿದ್ದು ಚೂರುಚೂರಾಯಿತು. ಮ್ಯಾರಿಯಟ್ ಬಲವಾದ ಪೆಟ್ಟು ತಿಂದರೂ ಬದುಕಿದ. ಸಹೋದರರು ವೇಗದ ದಾಖಲೆಗಳ ಗೊಡವೆಯನ್ನು ಅಲ್ಲಿಗೇ ಬಿಟ್ಟರು. ಉಗಿ ಕಾರಿನ ಆ ದಾಖಲೆಯನ್ನು ಅಧಿಕೃತವಾಗಿ ಮುರಿಯಲು 2009ರ ಆಗಸ್ಟ್ ಬರಬೇಕಾಯಿತು. ಬ್ರಿಟಿಷ್ ತಂಡವೊಂದು ಹನ್ನೆರಡು ಬಾಯ್ಲರುಗಳ ಉದ್ದನೆಯ ಕಾರು ಕಟ್ಟಿ ಗಂಟೆಗೆ ಸರಾಸರಿ 139.8 ಮೈಲಿ ವೇಗದಲ್ಲಿ ಓಡಿಸಿತು. ನೂರಮೂರು ವರ್ಷಗಳಲ್ಲಿ ಗಳಿಸಿದ್ದು ಹನ್ನೆರಡು ಮೈಲಿ.

ಇಂಥ ದಾಖಲೆಯನ್ನು ಕೈಯಲ್ಲಿಟ್ಟುಕೊಂಡ ಬೇರೆ ಯಾವ ಕಂಪನಿಯಾದರೂ ಊರೂರಿಗೆ ಡಂಗುರ ಹೊಡೆಸುತ್ತಿತ್ತು. ಸ್ಟ್ಯಾನ್ಲಿಯವರಿಗೆ ಜಾಹೀರಾತೆಂದರೆ ಆಗುತ್ತಿರಲಿಲ್ಲ. ಒಳ್ಳೆಯ ಸರಕನ್ನು ಕೊಂಡವನೇ ಇನ್ನೊಬ್ಬನಿಗೆ ಹೇಳುತ್ತಾನೆ ಎಂಬುದು ಅವರ ನಂಬಿಕೆ. ನುರಿತ ಕೆಲಸಗಾರರು ಒಂದೊಂದು ಕಾರನ್ನೂ ಕೈಯಿಂದ ಜೋಡಿಸುತ್ತಿದ್ದ ಆ ಕಾರ್ಖಾನೆಯಿಂದ ವರ್ಷಕ್ಕೆ ಹೊರಬರುತ್ತಿದ್ದದ್ದು ಕೆಲವು ನೂರು ಕಾರುಗಳು. ಅದೇ ಹೊತ್ತಿಗೆ ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ತಂದು, 1913ರಲ್ಲಿ ಚಲಿಸುವ ಜೋಡಣೆ ಸಾಲನ್ನು ಆರಂಭಿಸಿ, 1914ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮಾಡಿದ. ಇವರಿಗೆ ಅವನೊಂದಿಗೆ ಪೈಪೋಟಿ ಮಾಡಬೇಕೆಂಬ ಆಸೆಯಾದರೂ ಇತ್ತೇ ಎಂದು ಕೇಳಿದರೆ, ಇತ್ತು ಎನ್ನಲು ನನಗೆ ಯಾವ ಕುರುಹೂ ಕಾಣುವುದಿಲ್ಲ. ಒಣ ಫಲಕದ ಹಣ ಬ್ಯಾಂಕಿನಲ್ಲಿತ್ತು. ಕಾರ್ಖಾನೆ ಅವರಿಗೆ ಒಳ್ಳೆಯ ಕಮ್ಮಟವಾಗಿತ್ತು.

ಎಫ್.ಓ.ನ ಗಮನವಂತೂ ಆಗಲೇ ಬೇರೆ ಕಡೆ ಹರಿದಿತ್ತು. 1903ರಲ್ಲಿ ಕ್ಷಯ ಉಲ್ಬಣಿಸಿ, ವೈದ್ಯರ ಸಲಹೆಯಂತೆ ಒಣ ಹವೆಗಾಗಿ ಕೊಲರಾಡೋದ ಬೆಟ್ಟಗಳ ನಡುವಿನ ಎಸ್ಟೆಸ್ ಪಾರ್ಕಿಗೆ ಹೋದವನಿಗೆ ಒಂದೇ ಬೇಸಿಗೆಯಲ್ಲಿ ಗುಣ ಕಾಣಿಸಿತು. ಆಮೇಲೆ ಪ್ರತಿ ಬೇಸಿಗೆಯೂ ಅಲ್ಲೇ. ರೈಲು ನಿಲ್ಲುವ ಊರಿಂದ ಆ ಕಣಿವೆಗೆ ಪ್ರವಾಸಿಗಳನ್ನು ಹೊತ್ತೊಯ್ಯಲು ಸಾಲುಸಾಲು ಆಸನಗಳಿದ್ದ ಉದ್ದನೆಯ ಉಗಿ ಗಾಡಿಯನ್ನು ಕಂಪನಿಯಿಂದ ಮಾಡಿಸಿದ. 1909ರಲ್ಲಿ ಅಲ್ಲಿ ಭಾರಿ ಹೋಟೆಲೊಂದನ್ನು ತೆರೆದ. ಸ್ಟ್ಯಾನ್ಲಿ ಹೋಟೆಲ್ ಈಗಲೂ ಇದೆ, ಕಾರಿನ ಹೆಸರು ಕೇಳದವರಿಗೂ ದೆವ್ವದ ಕಥೆಗಳಿಂದಾಗಿ ಅದರ ಹೆಸರು ಗೊತ್ತು. ಉಗಿಯನ್ನು ಅಷ್ಟು ನಂಬಿದ್ದ ಮನುಷ್ಯ ಹೋಟೆಲಿಗೆ ಬೆಳಕು ಬೇಕಾದಾಗ ಹೊಳೆಯ ನೀರಿನಿಂದ ವಿದ್ಯುತ್ ತೆಗೆಯುವ ಸ್ಥಾವರ ಕಟ್ಟಿದ ಎಂಬುದು ನನಗೆ ಬಹಳ ಇಷ್ಟವಾದ ವಿವರ. ಅವನಿಗೆ ಉಗಿ ಒಂದು ಮತವಾಗಿರಲಿಲ್ಲ, ಕೈಗೆ ಚೆನ್ನಾಗಿ ಹತ್ತಿದ ವಿದ್ಯೆಯಾಗಿತ್ತು.

1912ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಿತು. ಪೆಟ್ರೋಲ್ ಕಾರನ್ನು ಏಳಿಸಲು ಇನ್ನು ಗುಂಡಿ ಒತ್ತಿದರೆ ಸಾಕು. ಉಗಿಯ ಕಡೆಯಿಂದ ಹೇಳಬಹುದಾಗಿದ್ದ ಅತ್ಯಂತ ಬಲವಾದ ವಾದ, ಅಂದರೆ ಹ್ಯಾಂಡಲಿನ ಅಪಾಯವಿಲ್ಲ ಎಂಬುದು, ಆ ವರ್ಷವೇ ಸತ್ತಿತು. ಅದರ ಮುಂದೆ ಕಾಲುಬಾಯಿ ಜ್ವರದ ಕಥೆ ನನಗೆ ಸಣ್ಣದು. ಆ ಕಥೆ ಹೀಗೆ: ಮೊದಮೊದಲ ಸ್ಟ್ಯಾನ್ಲಿ ಕಾರುಗಳು ಬಳಸಿದ ಉಗಿಯನ್ನು ಗಾಳಿಗೇ ಬಿಡುತ್ತಿದ್ದುದರಿಂದ ಒಂದು ಗ್ಯಾಲನ್ ನೀರಿಗೆ ಸುಮಾರು ಒಂದೇ ಮೈಲಿ ಹೋಗುತ್ತಿದ್ದವು. ದಾರಿಯುದ್ದಕ್ಕೂ ನೀರು ಬೇಕಿತ್ತು. ಊರ ನಡುವೆ ಕುದುರೆಗಳಿಗೆಂದು ಇದ್ದ ಕಲ್ಲಿನ ತೊಟ್ಟಿಗಳ ಬಳಿ ನಿಲ್ಲಿಸಿ, ಕಾರಿನಲ್ಲೇ ಇದ್ದ ಕೊಳವೆಯನ್ನು ತೊಟ್ಟಿಗಿಳಿಸಿ, ಉಗಿಯ ಬಲದಿಂದಲೇ ನೀರನ್ನು ಹೀರಿಕೊಂಡು ಮುಂದೆ ಹೋಗುತ್ತಿದ್ದರು. 1914ರಲ್ಲಿ ಅಮೆರಿಕದಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಸೋಂಕಿನ ಭಯದಿಂದ ಈ ತೊಟ್ಟಿಗಳನ್ನು ಮುಚ್ಚಿದರು, ಉಗಿ ಕಾರು ಬಾಯಾರಿ ಸತ್ತಿತು. ಹೇಳಲು ಚಂದವಾಗಿದೆ. ತಂತ್ರಜ್ಞಾನದ ಸೋಲುಗೆಲುವುಗಳಿಗೆ ಇಂಥ ಆಕಸ್ಮಿಕಗಳೇ ಕಾರಣ ಎನ್ನುವ ಅರ್ಥಶಾಸ್ತ್ರಜ್ಞರಿಗೂ ಇದು ಪ್ರಿಯ. ಆದರೆ ಫೋರ್ಡ್ ವರ್ಷಕ್ಕೆ ಲಕ್ಷಗಟ್ಟಲೆ ಕಾರು ಮಾಡುತ್ತಿದ್ದ ಕಾಲಕ್ಕೆ ಕೆಲವು ನೂರು ಮಾಡುತ್ತಿದ್ದ ಕಂಪನಿಯನ್ನು ಹಸುವಿನ ಜ್ವರ ಕೊಂದಿತು ಎನ್ನುವುದು ಹೇಗೆ?

ತೊಟ್ಟಿ ಮುಚ್ಚಿದ್ದು ಕೊಲ್ಲಲಿಲ್ಲವಾದರೂ, ಅದಕ್ಕೆ ಮಾಡಿದ ಮದ್ದು ಕಾಯಿಲೆಯನ್ನು ಹೆಚ್ಚಿಸಿತು. 1915ರ ಕಾರುಗಳಿಗೆ ಕಂಡೆನ್ಸರ್ ಬಂದಿತು: ಬಳಸಿದ ಉಗಿಯನ್ನು ಮುಂದಿನ ಜಾಲರಿಯಲ್ಲಿ ತಣಿಸಿ ನೀರಾಗಿಸಿ ಮತ್ತೆ ಟ್ಯಾಂಕಿಗೆ ಕಳುಹಿಸುವ ಏರ್ಪಾಡು. ಒಮ್ಮೆ ತುಂಬಿದ ನೀರಿನಲ್ಲಿ ಹಲವು ಪಟ್ಟು ದೂರ ಹೋಗಬಹುದಾಯಿತು. ಆದರೆ ಸಿಲಿಂಡರು ಸವೆಯದಿರಲೆಂದು ಉಗಿಗೆ ಎಣ್ಣೆ ಬೆರೆಸುತ್ತಿದ್ದರಲ್ಲ, ಅದು ಮೊದಲು ಉಗಿಯ ಜೊತೆ ಗಾಳಿಗೆ ಹೋಗುತ್ತಿತ್ತು. ಈಗ ನೀರಿನ ಜೊತೆ ಬಾಯ್ಲರಿಗೇ ಮರಳತೊಡಗಿತು. ಕೊಳವೆಗಳಿಗೆ ಎಣ್ಣೆಯ ಪದರ ಕಟ್ಟಿದರೆ ಬಿಸಿ ನೀರಿಗೆ ತಲುಪುವುದಿಲ್ಲ. ಕೊಳವೆ ಮಿತಿಮೀರಿ ಕಾದು ಸೋರುತ್ತದೆ. ಇದರ ಜೊತೆಗೆ ಕಾರುಗಳ ತೂಕ ವರ್ಷದಿಂದ ವರ್ಷಕ್ಕೆ ಏರಿತು, ಎಂಜಿನ್ 20 ಅಶ್ವಶಕ್ತಿಯದಾಗಿಯೇ ಉಳಿಯಿತು. 1906ರಲ್ಲಿ ಲೋಕವನ್ನೇ ಹಿಂದೆ ಹಾಕಿದವರ ಕಾರು ಹತ್ತು ವರ್ಷದಲ್ಲಿ ಗಂಭೀರವಾದ, ಭಾರವಾದ, ಸಾಧಾರಣ ವೇಗದ ವಾಹನವಾಗಿತ್ತು. ಏಬ್ನರ್ ಡೋಬಲ್ ಎಂಬ ತರುಣ ತನ್ನ ಕಂಡೆನ್ಸರ್ ಕಾರನ್ನು ನ್ಯೂಟನ್ನಿಗೇ ತಂದು ತೋರಿಸಿದ್ದ. ಮುಂದೆ 1920ರ ದಶಕದಲ್ಲಿ ಅವನು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಉಗಿ ಕಾರು ಒಂದು ನಿಮಿಷದೊಳಗೆ ಹೊರಡಬಲ್ಲದಾಗಿತ್ತು. ಅಂದರೆ ಆ ಅರ್ಧ ಗಂಟೆಯ ಕಾಯುವಿಕೆ ಉಗಿಯ ಹಣೆಬರಹವೇನಲ್ಲ. ಆದರೆ ಅದನ್ನು ಅಳಿಸಿದ ಡೋಬಲ್ ಕಾರಿನ ಬೆಲೆ ಸಾಮಾನ್ಯರ ಊಹೆಗೂ ಮೀರಿತ್ತು, ತಯಾರಾದವು ಕೆಲವೇ ಡಜನ್.

1917ರಲ್ಲಿ ಅವಳಿಗಳು ಕಂಪನಿಯನ್ನು ಪ್ರೆಸ್ಕಾಟ್ ವಾರನ್ ಎಂಬುವನಿಗೆ ಬಿಟ್ಟುಕೊಟ್ಟು ಹೊರಬಂದರು. 1918ರ ಜುಲೈ 31ರಂದು ಎಫ್.ಇ. ಮ್ಯಾಸಚೂಸೆಟ್ಸಿನ ವೆನ್‌ಹ್ಯಾಮ್ ಬಳಿ ತನ್ನದೇ ಕಾರಿನಲ್ಲಿ ಹೋಗುತ್ತಿದ್ದಾಗ, ರಸ್ತೆಯಲ್ಲಿ ಒಂದರ ಪಕ್ಕ ಒಂದು ಬರುತ್ತಿದ್ದ ರೈತರ ಗಾಡಿಗಳನ್ನು ತಪ್ಪಿಸಲು ಪಕ್ಕಕ್ಕೆ ಹೊರಳಿಸಿ ಸೌದೆಯ ರಾಶಿಗೆ ಬಡಿದು ಸತ್ತ. ವಾರನ್ ಆರೇಳು ವರ್ಷ ಕಂಪನಿಯನ್ನು ಎಳೆದ. ಯುದ್ಧದ ನಂತರದ ಮುಗ್ಗಟ್ಟು, ಏರುತ್ತಿದ್ದ ಬೆಲೆ, ಕುಗ್ಗುತ್ತಿದ್ದ ಗಿರಾಕಿಗಳು. 1924ರಲ್ಲಿ ಸ್ಟ್ಯಾನ್ಲಿಯ ಮುಚ್ಚಿದ ಮೈಯ ಕಾರಿಗೆ 3,950 ಡಾಲರ್. ಫೋರ್ಡಿನ ಮಾಡೆಲ್ ಟಿ 500 ಡಾಲರಿಗೂ ಕಡಿಮೆ. ಆ ವರ್ಷ ನ್ಯೂಟನ್ನಿನ ಕೆಲಸ ನಿಂತಿತು.

ಎಣ್ಣೆ ಕಂಪನಿಗಳ ಸಂಚಿನ ಮಾತಿಗೆ ಒಂದೇ ಉತ್ತರ ಸಾಕು: ಸ್ಟ್ಯಾನ್ಲಿ ಕಾರು ಕುಡಿಯುತ್ತಿದ್ದದ್ದೂ ಅದೇ ಕಂಪನಿಗಳ ಸೀಮೆಎಣ್ಣೆಯನ್ನೇ, ಅದೂ ಪೆಟ್ರೋಲ್ ಕಾರಿಗಿಂತ ಧಾರಾಳವಾಗಿ. ಉಗಿಯ ಹಿಡಿಕೆಯನ್ನು ಪೂರ್ತಿ ತೆರೆದು ಮೂರು ನಿಮಿಷ ಹಿಡಿಯಬಲ್ಲವನಿಗೆ ಕಂಪನಿ ಕಾರನ್ನೇ ಬಹುಮಾನವಾಗಿ ಕೊಡುತ್ತಿತ್ತು ಎಂಬ ದಂತಕಥೆಯೂ ಇದೇ ಜಾತಿಯದು. ಅಷ್ಟು ಹೊತ್ತು ಪೂರ್ತಿ ತೆರೆದಿಟ್ಟರೆ ಬಾಯ್ಲರಿನಲ್ಲಿದ್ದ ಉಗಿಯೇ ತೀರಿ ಕಾರು ನಿಧಾನವಾಗುತ್ತಿತ್ತು, ಹಿಡಿದವನಿಗೆ ಏನೂ ಆಗುತ್ತಿರಲಿಲ್ಲ.

ಕ್ಷಯದಿಂದ ಹೆಚ್ಚು ಕಾಲ ಉಳಿಯಲಾರನೆಂದು ವೈದ್ಯರು ಕೈಬಿಟ್ಟಿದ್ದ ಎಫ್.ಓ. 1940ರವರೆಗೆ ಬದುಕಿ 91ನೆಯ ವಯಸ್ಸಿನಲ್ಲಿ ತೀರಿಕೊಂಡ. ಹುಡುಗನಾಗಿದ್ದಾಗ ಕಲಿತಿದ್ದ ಪಿಟೀಲು ಮಾಡುವ ಕೆಲಸವನ್ನು ಅವನು ಮುಂದೆಯೂ ಬಿಟ್ಟಿರಲಿಲ್ಲ. ಸಹೋದರನ ಮಗ ಕಾರ್ಲ್‌ಟನ್ ಅದನ್ನು ಮುಂದುವರಿಸಿದ. ಆ ಪಿಟೀಲುಗಳು ಹುಟ್ಟೂರು ಕಿಂಗ್‌ಫೀಲ್ಡಿನ ಹಳೆಯ ಶಾಲೆಯಲ್ಲಿರುವ ಸ್ಟ್ಯಾನ್ಲಿ ವಸ್ತುಸಂಗ್ರಹಾಲಯದಲ್ಲಿ ಕಾರುಗಳ ಜೊತೆಗೇ ಇವೆ. ಉಳಿದಿರುವ ಕೆಲವು ನೂರು ಕಾರುಗಳಲ್ಲಿ ಹಲವು ಇಂದಿಗೂ ಓಡುತ್ತವೆ. ಬಿಡಿಭಾಗಗಳನ್ನೂ ಹೊಸ ಬಾಯ್ಲರುಗಳನ್ನೂ ಮಾಡಿಕೊಡುವ ಸಣ್ಣ ಕಮ್ಮಟಗಳು ಅಮೆರಿಕ, ಬ್ರಿಟನ್ನುಗಳಲ್ಲಿವೆ. ಅವನ್ನು ಓಡಿಸುವವರು ಹೆಚ್ಚಾಗಿ ತಾವೇ ಎಂಜಿನ್ ಬಿಚ್ಚಿ ಜೋಡಿಸಬಲ್ಲವರು, ಬೆಳಗ್ಗೆ ದೀವಟಿಗೆ ಹಿಡಿದು ಅರ್ಧ ಗಂಟೆ ಕಾಯುವುದನ್ನು ತೊಂದರೆಯೆಂದು ಎಣಿಸದವರು. ಸ್ಟ್ಯಾನ್ಲಿ ಸಹೋದರರು ತಮ್ಮ ಕಾರನ್ನು ಮಾಡಿದ್ದು ಇಂಥವರಿಗಾಗಿಯೇ. 1910ರಲ್ಲೂ ಇಂಥವರು ಇದ್ದದ್ದು ವರ್ಷಕ್ಕೆ ಕೆಲವು ನೂರು ಮಂದಿ.